ಚಾಪೆಲ್ಲಿನ ಬಾಗಿಲಲ್ಲಿದ್ದ ಕಲ್ಲು

ಖಾನಾಪುರದ ನಮ್ಮ ಮನೆಗೂ ಪಕ್ಕದ ಬ್ಯಾಪ್ಟಿಸ್ಟ್ ಚಾಪೆಲ್ಲಿಗೂ ನಡುವೆ ಒಂದೇ ಗೋಡೆ. ಅದು ಅವರದೋ ನಮ್ಮದೋ ಯಾರಿಗೂ ಗೊತ್ತಿಲ್ಲ. ಅವರು ಕ್ರಿಸ್‌ಮಸ್ಸಿಗೆ ಅದಕ್ಕೆ ಸುಣ್ಣ ಬಳಿಯುತ್ತಾರೆ, ನಾವು ದೀಪಾವಳಿಗೆ ಬಳಿಯುತ್ತೇವೆ. ಹೀಗಾಗಿ ಊರಿನಲ್ಲಿ ಅಷ್ಟು ಬೆಳ್ಳಗಿರುವ ಗೋಡೆ ಇನ್ನೊಂದಿಲ್ಲ. ನಾವು ಲಿಂಗಾಯತರು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುವುದು ಅವರ ಹಾಡಿನ ತಾಳಕ್ಕೆ. ಕೊರಳಲ್ಲಿ ಲಿಂಗ, ಕಿವಿಯಲ್ಲಿ ಯೇಸುವಿನ ಹಾಡು. ಮೂವತ್ತು ಚಿಲ್ಲರೆ ವರ್ಷ ಹೀಗೇ ನಡೆದಿದೆ, ಎರಡಕ್ಕೂ ತೊಂದರೆಯಾಗಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ನಿವೃತ್ತಿಯಾದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಸಂಜೆ ಚಾಪೆಲ್ಲಿನ ಪಾಸ್ಟರ್ ನಮ್ಮ ಗೇಟು ತೆಗೆದು ಒಳಗೆ ಬಂದರು. ಗದಗದ ಕಡೆಯವರು, ನಲವತ್ತು ದಾಟಿರಲಿಕ್ಕಿಲ್ಲ. ಯಾವ ವಿಷಯ ಹೇಳುವ ಮೊದಲೂ ಒಮ್ಮೆ ಕೆಮ್ಮುವುದು ಅವರ ರೂಢಿ. ಕೆಮ್ಮಿದರು.

"ಅಕ್ಕೋರ, ನಮ್ಮ ಚಾಪೆಲ್ಲಿಗೆ ಭಾಳ ವರ್ಷ ಆದೂರಿ. ಉತ್ಸವ ಮಾಡಬೇಕಂತ ಅದೀವಿ. ಒಂದು ಸಣ್ಣ ಇತಿಹಾಸದ ಪುಸ್ತಕಾನೂ ತರಬೇಕಂತ ಸಭಿ ಠರಾವ್ ಮಾಡೇತಿ. ನೀವ ಬರದ ಕೊಡಬೇಕ್ರಿ."

"ನಾ ನಿಮ್ಮ ಸಭಿಯಾಕಿ ಅಲ್ಲಲ್ರಿ," ಎಂದೆ.

"ಅದಕ್ಕ ನೀವ ಬೇಕು. ನಮ್ಮವರೊಳಗ ಯಾರ ಬರದ್ರೂ ಉಳದವರು ಓದೂದಿಲ್ಲ."

"ಎಷ್ಟ ವರ್ಷ ಆಗೇತ್ರಿ ಚಾಪೆಲ್ಲಿಗೆ?"

ಅವರು ಮತ್ತೆ ಕೆಮ್ಮಿದರು. "ಅದನ್ನೂ ನೀವ ಹುಡುಕಿ ಹೇಳಬೇಕ್ರಿ."

ಶಾಲೆ ಬಿಟ್ಟ ಮೇಲೆ ಕೆಂಪು ಪೆನ್ನು ಹಿಡಿಯದೆ ನನ್ನ ಕೈ ತುರಿಸುತ್ತಿತ್ತು. ಒಪ್ಪಿಕೊಂಡೆ. ಒಳಗೆ ಪೇಪರು ಓದುತ್ತಿದ್ದ ನನ್ನ ಯಜಮಾನರು, "ಮಂದಿ ಜಗಳದಾಗ ಬೀಳಬ್ಯಾಡ," ಎಂದು ಪುಟ ತಿರುವಿದರು.

ಚಾಪೆಲ್ಲು ದೊಡ್ಡದೇನಲ್ಲ. ಹಂಚಿನ ಮಾಡಿನ ಒಂದು ಉದ್ದನೆಯ ಕೋಣೆ, ಎರಡೂ ಬದಿಗೆ ಬೆಂಚು, ಎದುರಿಗೆ ಹಲಗೆ ಹಾಸಿದ ಒಂದು ಕಟ್ಟೆ, ಗೋಡೆಯ ಮೇಲೆ ಮರದ ಶಿಲುಬೆ. ಗಂಟೆಯ ಬದಲು ಬಾಗಿಲ ಹೊರಗೆ ರೈಲುಹಳಿಯ ತುಂಡೊಂದನ್ನು ತೂಗುಹಾಕಿ ಬೋಲ್ಟಿನಿಂದ ಬಾರಿಸುತ್ತಾರೆ. ನಮ್ಮ ಶಾಲೆಯ ಗಂಟೆಯೂ ಅಂಥದೇ ಆಗಿತ್ತು. ಭಾನುವಾರ ಅದರ ಸದ್ದು ಕೇಳಿ ನಾನು ಅಡುಗೆಮನೆಯಲ್ಲಿ ಹಾಜರಿ ಪುಸ್ತಕ ಹುಡುಕಿದ್ದುಂಟು.

ಸಭೆಗೆ ಸೇರಿದ್ದು ಹನ್ನೊಂದು ಮನೆ. ಅರ್ಧ ಮನೆಗಳಲ್ಲಿ ಮರಾಠಿ ಮಾತು, ಅರ್ಧ ಮನೆಗಳಲ್ಲಿ ಕನ್ನಡ. ಹನ್ನೊಂದನ್ನು ಹೇಗೆ ಅರ್ಧ ಮಾಡುತ್ತೀರಿ ಎಂದರೆ, ಒಂದು ಮನೆಯಲ್ಲಿ ಗಂಡನದು ಮರಾಠಿ, ಹೆಂಡತಿಯದು ಕನ್ನಡ. ಪಾಸ್ಟರ್ ಹೇಳುವ ಪ್ರಸಂಗ ಒಂದು ವಾರ ಕನ್ನಡದಲ್ಲಿ, ಮರುವಾರ ಮರಾಠಿಯಲ್ಲಿ. ಹಾಡಿಗೆ ಮಾತ್ರ ಆ ಸರದಿ ಇಲ್ಲ. ರಾಗ ಒಂದೇ, ಎಲ್ಲರೂ ಏಕಕಾಲಕ್ಕೆ ತಮ್ಮ ತಮ್ಮ ಭಾಷೆಯಲ್ಲಿ ಹಾಡುತ್ತಾರೆ. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿ ನನಗೆ ಅವರ ರಾಗಗಳೆಲ್ಲ ಬಾಯಿಪಾಠವಾಗಿವೆ, ಶಬ್ದ ಒಂದೂ ಗೊತ್ತಿಲ್ಲ.

ಪುಸ್ತಕದ ಮೊದಲ ಮಾತುಕತೆಗೆ ನಾವು ನಾಲ್ವರು ಸೇರಿದೆವು. ಪಾಸ್ಟರ್ ಮತ್ತು ನಾನು. ಮೂರನೆಯವರು ಸಭೆಯ ಕಾರ್ಯದರ್ಶಿ, ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತದೆ. ನಾಲ್ಕನೆಯವರು ಹಾರ್ಮೋನಿಯಂ ಬಾರಿಸುವ ಸಿಸ್ಟರಬಾಯಿ. ಅವರು ನರ್ಸಾಗಿದ್ದವರು. ಊರಿನ ಅರ್ಧ ಮಂದಿಯನ್ನು ಹುಟ್ಟಿದ ಕೂಡಲೇ ತಲೆಕೆಳಗು ಹಿಡಿದು ಬೆನ್ನಿಗೆ ಬಡಿದು ಅಳಿಸಿದವರು. ಆ ಅರ್ಧ ಮಂದಿ ಇವತ್ತಿಗೂ ಅವರೆದುರು ಮಾತಾಡುವುದಿಲ್ಲ. ಕಾಕಾ ಉಳಿದ ಅರ್ಧಕ್ಕೆ ಸೇರಿದವರು.

ಈ ಸಭೆಯವರು ಕೂಸುಗಳ ತಲೆಗೆ ನೀರು ಚಿಮುಕಿಸುವುದಿಲ್ಲ. ಮನುಷ್ಯ ದೊಡ್ಡವನಾಗಿ, ತಾನೇ ಮನಸ್ಸು ಮಾಡಿ, ನಾಲ್ಕು ಜನರೆದುರು ಬಾಯಿ ಬಿಟ್ಟು ಹೇಳಿದ ಮೇಲೆ ಪೂರ್ತಿ ನೀರಿನಲ್ಲಿ ಮುಳುಗಿಸಿ ಎತ್ತುತ್ತಾರೆ. ಅದು ದೀಕ್ಷಾಸ್ನಾನ. ಅದಕ್ಕಾಗಿಯೇ ಕಟ್ಟೆಯ ಹಲಗೆಗಳ ಕೆಳಗೆ ಎದೆಮಟ್ಟದ ಒಂದು ತೊಟ್ಟಿ ಇದೆ. ನನಗೆ ಮೊದಲಿನಿಂದ ಒಂದು ಕುತೂಹಲವಿತ್ತು. ಹತ್ತು ನಿಮಿಷ ನಡೆದರೆ ಮಲಪ್ರಭಾ ಹೊಳೆ ಇದೆ. ಹಿಂದೆ ಅಲ್ಲೇ ಮುಳುಗಿಸುತ್ತಿದ್ದರಂತೆ. ಮತ್ತೆ ಒಳಗೆ ತೊಟ್ಟಿ ಯಾಕೆ ಬೇಕಾಯಿತು?

ಕೇಳಿಯೇಬಿಟ್ಟೆ. ಕಾಕಾ ಈ ಪ್ರಶ್ನೆಗಾಗಿ ವರ್ಷಗಟ್ಟಲೆ ಕಾದಿದ್ದವರಂತೆ ಕುರ್ಚಿ ಮುಂದಕ್ಕೆಳೆದುಕೊಂಡರು.

"ಹೊಳಿ ತುಂಬಿ ಬಂದಿತ್ರಿ. ಬಿಳಿ ಪಾದ್ರಿ ಸಾಹೇಬರ ಟೊಪ್ಪಿಗಿ ಹರಕೊಂಡ ಹೋತು. ನಮ್ಮ ಅಜ್ಜ ಜಿಗದ, ಈಜಿ ತಂದ. ಆವಾಗ ಸಾಹೇಬರು, ಇನ್ನ ಮುಂದ ಒಳಗ ಟಾಕಿ ಕಟ್ಟೂಣು ಅಂದ್ರು. ಬರ್ಕೋರಿ."

"ಬರ್ಕೋಬ್ಯಾಡ್ರಿ," ಎಂದರು ಸಿಸ್ಟರಬಾಯಿ. "ಟೊಪ್ಪಿಗಿ ಅಲ್ಲ, ಇವರ ಅಜ್ಜನ ಹರಕೊಂಡ ಹೋಗಿದ್ದ. ನಮ್ಮ ಅಜ್ಜಿ ಕೂದಲ ಹಿಡದ ಎಳದ ತಗದ್ಲು."

"ನಮ್ಮ ಅಜ್ಜಗ ಕೂದಲನ ಇರಲಿಲ್ಲ."

"ಅದಕ್ಕ ಭಾಳ ತ್ರಾಸ ಆತಂತ."

ನಾನು ಎರಡನ್ನೂ ಬರೆದುಕೊಂಡು, ಹಳೆಯ ದಾಖಲೆ ಏನಾದರೂ ಇದೆಯೇ ಎಂದೆ. ಇದ್ದವಂತೆ. ಮೊದಲನೆಯ ರಜಿಸ್ಟರನ್ನು ಗೆದ್ದಲು ತಿಂದಿತ್ತು. ಎರಡನೆಯದನ್ನು ಹಿರಿಯರೊಬ್ಬರು ಓದಲೆಂದು ಜಾಂಬೋಟಿಗೆ ಒಯ್ದು, ಅಲ್ಲಿಯ ಮಳೆಯಲ್ಲಿ ನೆನೆಸಿ ತಂದಿದ್ದರು. ಪುಟಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದ ಅದು ಈಗ ಹಾರ್ಮೋನಿಯಂ ಮೇಜಿನ ಕುಂಟುಕಾಲಿಗೆ ಆಸರೆಯಾಗಿತ್ತು. ತೆಗೆಯುತ್ತೇನೆಂದು ಬಾಗಿದರೆ ಸಿಸ್ಟರಬಾಯಿ ಬಿಡಲಿಲ್ಲ.

"ಅಡಿಗಲ್ಲ ಐತಲ್ರಿ," ಎಂದರು ಕಾಕಾ. "ಅದರ ಮ್ಯಾಲ ಎಲ್ಲಾ ಬರದಿರತಾರ. ಇಸವಿ, ಕಟ್ಟಿಸಿದವರ ಹೆಸರು. ನಮ್ಮ ಅಜ್ಜನ ಹೆಸರೂ ಇರಬೇಕು."

ಬಾಗಿಲ ಬಲಗಡೆ ಮೊಣಕಾಲೆತ್ತರದ ಒಂದು ಕಲ್ಲು ನೆಟ್ಟಿದ್ದಾರೆ. ಪ್ರತಿ ಕ್ರಿಸ್‌ಮಸ್ಸಿಗೆ ಗೋಡೆಯ ಜೊತೆಗೆ ಅದಕ್ಕೂ ಸುಣ್ಣ ಬಿದ್ದು ಬಿದ್ದು ಅದು ಕಲ್ಲೋ ದೊಡ್ಡ ಬೆಣ್ಣೆಮುದ್ದೆಯೋ ತಿಳಿಯದಂತಾಗಿತ್ತು. ಸಭೆಗೆ ಅದರ ಮೇಲೆ ಬಹಳ ಗೌರವ. ವರ್ಷಕ್ಕೊಮ್ಮೆ ಹೂಹಾರ ಹಾಕಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಮದುಮಕ್ಕಳು ಅದಕ್ಕೆ ಕೈ ಮುಟ್ಟಿಸಿ ಒಳಗೆ ಹೋಗುತ್ತಾರೆ.

ಮರುದಿನ ಬೆಳಿಗ್ಗೆ ನಾವು ನಾಲ್ವರೂ ಕಲ್ಲಿನ ಸುತ್ತ ಕೂತೆವು. ಸಿಸ್ಟರಬಾಯಿ ಒಂದು ಪಾತ್ರೆ ಹುಣಸೆನೀರು ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ಶು ತಂದಿದ್ದರು. ರೋಗಿಯ ಗಾಯ ತೊಳೆಯುವ ಹಾಗೆ ಕೆಲಸ ಶುರುಮಾಡಿದರು. ಕಾಕಾ ಮೊಬೈಲಿನಲ್ಲಿ ವಿಡಿಯೋ ಹಿಡಿದರು. ಹಾದಿಯಲ್ಲಿ ಹೋಗುವವರೂ ನಿಂತರು. ಮೇಲಿನ ಸಾಲು ಮರಾಠಿಯದು, ಓದಲಾಗದಷ್ಟು ಸವೆದಿತ್ತು. ಅದರ ಕೆಳಗೆ ಕನ್ನಡ ಅಕ್ಷರಗಳು ಒಂದೊಂದಾಗಿ ಮೇಲೆದ್ದವು. ಮೊದಲು 'ಇಲ್ಲಿ' ಎಂದು ಕಂಡಿತು.

"ಇಲ್ಲಿ ದೇವರ ಆಲಯವು ಅಂತ ಇರಬೇಕು," ಎಂದರು ಪಾಸ್ಟರ್.

ಆಮೇಲೆ 'ಎ' ಕಂಡಿತು. ಪಾಸ್ಟರ್ ಕೆಮ್ಮುವುದನ್ನೂ ಮರೆತು ಎದ್ದು ನಿಂತರು. "ಎಬೆನೆಜರ್. ಹಂಗಂದ್ರ ಸಹಾಯದ ಕಲ್ಲು. ಶಾಸ್ತ್ರದಾಗ ಬರ್ತದ. ನಮ್ಮ ಹಿರ್ಯಾರು ಎಂಥಾ ಹೆಸರಿಟ್ಟಾರ ನೋಡ್ರಿ." ಅಲ್ಲೇ ನಿಂತು ಐದು ನಿಮಿಷ ಆ ಕಲ್ಲಿನ ಮಹಿಮೆ ಹೇಳಿದರು. ಹಾದಿಯಲ್ಲಿ ನಿಂತವರು ಚಪ್ಪಲಿ ಬಿಟ್ಟು ಕೇಳಿದರು. ಸಿಸ್ಟರಬಾಯಿ ಮಾತ್ರ ಕೈ ನಿಲ್ಲಿಸದೆ ಉಜ್ಜುತ್ತಿದ್ದರು. ಕಾಕಾ ವಿಡಿಯೋ ನಿಲ್ಲಿಸಿ ಮುಂದಕ್ಕೆ ಬಾಗಿದರು.

'ಇಲ್ಲಿ ಎಮ್ಮೆ ಕಟ್ಟಬಾರದು' ಎಂದಿತ್ತು.

ಇಸವಿ ಇರಲಿಲ್ಲ, ಯಾರ ಅಜ್ಜನ ಹೆಸರೂ ಇರಲಿಲ್ಲ. ಕಾಕಾ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಹಾದಿಯಲ್ಲಿದ್ದವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಮನೆಗೆ ಬರುವಷ್ಟರಲ್ಲಿ ಯಾರೋ ತೆಗೆದ ಫೋಟೋ, ಪುಸ್ತಕಕ್ಕೆಂದು ನನ್ನನ್ನೂ ಸೇರಿಸಿದ್ದ ಸಭೆಯ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು. ಆ ಕಲ್ಲಿಗೆ ಕೈ ಮುಟ್ಟಿಸಿ ಮದುವೆಯಾದ ಒಬ್ಬರು, ಈಗ ಏನು ಮಾಡೂದು ಎಂದು ಕೇಳಿದ್ದರು.

ಪಾಸ್ಟರ್‌ಗೆ ಎರಡು ದಿನ ಊಟ ರುಚಿಸಲಿಲ್ಲವಂತೆ. ನನಗೆ ಮಾತ್ರ ಉತ್ಸಾಹ ಏರಿತು. ದೇವರ ಮನೆಯ ಬಾಗಿಲಲ್ಲಿ ಕಲ್ಲು ಕಡೆಸಿ ಎರಡು ಭಾಷೆಯಲ್ಲಿ ಇಂಥ ಮಾತು ಬರೆಸಬೇಕಾದರೆ, ಯಾರೋ ಅಲ್ಲಿ ಎಮ್ಮೆ ಕಟ್ಟಿರಲೇಬೇಕು, ಅದೂ ಒಂದೆರಡು ಸಲವಲ್ಲ. ಯಾರು, ಯಾಕೆ ಎಂದು ಹೇಳಬಲ್ಲವರು ಒಬ್ಬರೇ ಉಳಿದಿದ್ದರು. ಸಭೆಯ ಅತಿ ಹಿರಿಯ ಸದಸ್ಯೆ, ಎಲ್ಲರೂ ಮಾವಶಿ ಎನ್ನುವ ಮುದುಕಿ. ಬೆಳಗಾವಿಯ ಹಿಂದವಾಡಿಯಲ್ಲಿ ಮಗಳ ಮನೆಯಲ್ಲಿದ್ದರು. ತೊಂಬತ್ತರ ಆಚೀಚೆ ವಯಸ್ಸು. ನೆನಪು ಗಟ್ಟಿ, ಕಿವಿ ಮಂದ.

ನಾನೊಬ್ಬಳೇ ಹೋಗುವವಳಿದ್ದೆ. ಸಿಸ್ಟರಬಾಯಿ ಬರುತ್ತೇನೆಂದರು, ಅವರು ಬರುವುದಾದರೆ ತಾವೂ ಬರಲೇಬೇಕೆಂದರು ಕಾಕಾ. ಬಸ್ಸು ಸುಲಭವಾಗಿತ್ತು, ಆದರೆ ಕಾಕಾ ರೈಲನ್ನೇ ಹಿಡಿಸಿದರು. ದಾರಿಯುದ್ದಕ್ಕೂ ಪ್ರತಿಯೊಂದು ಕುಲುಕಾಟಕ್ಕೂ, "ಇಲ್ಲಿ ನಾ ಇದ್ದಾಗ ಹಿಂಗ ಇರಲಿಲ್ಲ," ಎನ್ನುತ್ತ ಬಂದರು. ಸಿಸ್ಟರಬಾಯಿ ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಪಾಸ್ಟರ್ ಮೊದಲೇ ಫೋನು ಮಾಡಿ, ಅಕ್ಕೋರು ದೀಕ್ಷಾಸ್ನಾನದ ಬಗ್ಗೆ ಕೇಳಲು ಬರುತ್ತಿದ್ದಾರೆಂದು ತಿಳಿಸಿದ್ದರು. ಮಾವಶಿಯ ಕಿವಿಗೆ ಅದರಲ್ಲಿ ಅರ್ಧವೇ ಬಿದ್ದಿತ್ತು. ನಾನು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಮೇಲೆ ಹೋದರೆ, ಬಿಳಿ ಸೀರೆ ಉಟ್ಟು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನನ್ನನ್ನು ಕಂಡದ್ದೇ ಎರಡೂ ಕೈ ಹಿಡಿದುಕೊಂಡರು.

"ಈ ವಯಸ್ಸಿನ್ಯಾಗರೆ ಮನಸ್ಸ ಮಾಡಿದೆಲ್ಲವ್ವಾ. ಬಾ, ಕುಂದರ."

ನಾನು ಬಾಯಿ ತೆರೆಯುವ ಮೊದಲೇ ಅವರ ಕೈ ನನ್ನ ತಲೆಯ ಮೇಲಿತ್ತು. ಪ್ರಾರ್ಥನೆ ಶುರುವಾಯಿತು. ಕಾಕಾ, ಸಿಸ್ಟರಬಾಯಿ ಇಬ್ಬರೂ ರೂಢಿಯಂತೆ ಕಣ್ಣು ಮುಚ್ಚಿದರು, ಸಹಾಯಕ್ಕೆ ಯಾರೂ ಇರಲಿಲ್ಲ. ಕೊರಳಲ್ಲಿ ಲಿಂಗವಿಟ್ಟುಕೊಂಡು ನಾನು ತಲೆ ಬಗ್ಗಿಸಿ ಕೂತೆ. ಹತ್ತು ನಿಮಿಷವಾದರೂ ಆಗಿರಬೇಕು. ನನ್ನ ಪಾಪಗಳ ಬಗ್ಗೆ ಅವರು ಆಡಿದ ಮಾತು ಸ್ವಲ್ಪ ಹೆಚ್ಚೆನಿಸಿತು. ಕೊನೆಗೆ, "ಈಕಿ ಮೊಣಕಾಲ ನೋವನ್ನೂ ತಗಿಯಪ್ಪಾ," ಎಂದರು. ಅದಕ್ಕೆ ಮಾತ್ರ ನಾನು ಮನಃಪೂರ್ವಕವಾಗಿ ಆಮೆನ್ ಅಂದೆ.

ಆಗ ಒಳಗಿನಿಂದ ಬಂದ ಮಗಳು ಅವರ ಕಿವಿಯಲ್ಲಿ ಕೂಗಿದರು. "ಅವ್ವಾ, ಅವರು ಮುಳಗಾಕ ಬಂದಿಲ್ಲ. ಎಮ್ಮಿದು ಕೇಳಾಕ ಬಂದಾರ."

ಮಾವಶಿಯ ಮುಖ ಸಪ್ಪಗಾಯಿತು. ನನ್ನ ತಲೆಯಿಂದ ಕೈ ತೆಗೆದರು.

"ಎಮ್ಮಿ ಆಗಲೇ ಮುಳಿಗೇತಲ್ಲ," ಎಂದರು.

ಆ ಒಂದು ಮಾತಿನಿಂದ ಕತೆ ಹೊರಬಿತ್ತು. ಮಾವಶಿಗೆ ಆಗ ಏಳೆಂಟು ವರ್ಷ. ಹೊಳೆಯ ದಂಡೆಯಲ್ಲಿ ತಮ್ಮ ಅವ್ವನ ಚಪ್ಪಲಿ ಕಾಯುತ್ತ ನಿಂತಿದ್ದರು. ಆವತ್ತು ದೀಕ್ಷಾಸ್ನಾನ ಇದ್ದದ್ದು ಸಿಸ್ಟರಬಾಯಿಯ ಅಜ್ಜಿಗೆ. ಬಿಳಿ ಪಾದ್ರಿ ನೀರಿಗಿಳಿಯುವ ಮೊದಲು ತಮ್ಮ ಚಷ್ಮಾ ತೆಗೆದು ದಂಡೆಯಲ್ಲಿದ್ದ ಕಾಕಾನ ಅಜ್ಜನ ಕೈಗೆ ಕೊಟ್ಟರು. ಚಷ್ಮಾ ಇಲ್ಲದಿದ್ದರೆ ಅವರಿಗೆ ಒಂದು ಮೊಳದಾಚೆ ಏನೂ ಕಾಣುತ್ತಿರಲಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ಕೈ ಚಾಚಿದರು. ಅಷ್ಟರಲ್ಲಿ ಅಜ್ಜಿಯ ಸೆರಗು ನೀರಿಗೆ ತೇಲಿತು. ನಾಚಿಕೊಂಡು ಅದನ್ನು ಸರಿಮಾಡಿಕೊಳ್ಳಲು ಆಕೆ ನಾಲ್ಕು ಹೆಜ್ಜೆ ಆಚೆ ಸರಿದರು. ಮೇಲುಗಡೆ ಮೈ ತೊಳೆಸಿಕೊಳ್ಳುತ್ತಿದ್ದ ಒಂದು ಎಮ್ಮೆ ತೇಲುತ್ತ ಆ ಜಾಗಕ್ಕೆ ಬಂತು.

"ಸಾಹೇಬರ ಕೈಗೆ ತೊಯ್ದ ತಲಿ ಸಿಕ್ಕತು," ಎಂದರು ಮಾವಶಿ. "ಕರಿ ಕೂದಲದ್ದು. ಪೂರಾ ಮಂತ್ರ ಹೇಳಿದ್ರು. ಒಂದ ಶಬ್ದ ಬಿಡಲಿಲ್ಲ. ಆಮ್ಯಾಲ ಒತ್ತಿದ್ರು. ಅದು ಆರಾಮ ಮುಳಗಿ ಎದ್ದ, ಫುರ್ ಅಂತು. ಸಾಹೇಬರ ಕಣ್ಣಾಗ ನೀರ ಬಂದಿದ್ವು."

"ದಂಡಿ ಮ್ಯಾಲಿನವರು ಹೇಳಬಾರದಾ?" ಎಂದು ಕಿವಿಯಲ್ಲಿ ಕೂಗಿದೆ.

"ಎಲ್ಲಾರೂ ಹಾಡಾಕ ಹತ್ತಿದ್ವಿ. ನಡಕ ಹೆಂಗ ನಿಲ್ಲಸೂದು?"

ಕೊನೆಗೆ ಅಜ್ಜಿಯೇ ಆಚೆಯಿಂದ, "ಸಾಹೇಬರ, ನಾ ಇಲ್ಲಿ ಅದೀನ್ರಿ," ಎಂದರಂತೆ.

ಕಾಕಾ ಕುರ್ಚಿಯ ತುದಿಗೆ ಸರಿದು ಅದೇ ಕಿವಿಯಲ್ಲಿ ಕೂಗಿದರು. "ನಮ್ಮ ಅಜ್ಜರೆ ಹೇಳಬೇಕಿತ್ತಲ್ಲ. ದಂಡಿಮ್ಯಾಗ ನಿಂತಿದ್ದ, ಎಲ್ಲಾ ಕಾಣತಿತ್ತು."

"ಅಂವಗೇನ ಕಾಣತೈತಿ? ಸಾಹೇಬರ ಚಷ್ಮಾ ಹೆಂಗ ಐತಿ ನೋಡೂಣಂತ ತಾನ ಹಾಕ್ಕೊಂಡ ನಿಂತಿದ್ದ."

ಎಮ್ಮೆಯ ಮಾಲೀಕ ಹೊಳೆಯ ದಂಡೆಯಲ್ಲೇ ಗುಡಿಸಲು ಹಾಕಿಕೊಂಡಿದ್ದವನು. ಎಲ್ಲವನ್ನೂ ಕಣ್ಣಾರೆ ನೋಡಿದ್ದ. ಮುಂದಿನ ಭಾನುವಾರ ಎಮ್ಮೆಯನ್ನು ತಂದು ಚಾಪೆಲ್ಲಿನ ಬಾಗಿಲಿಗೆ ಕಟ್ಟಿ, "ನಿಮ್ಮಾಕಿ ಆಗ್ಯಾಳಲ್ರಿ, ಕುಂತ ಕೇಳ್ಲಿ," ಎಂದು ಹೇಳಿ ಹೋದ. ಅಂಗಳದಲ್ಲಿ ಆಗ ಹುಲ್ಲು ಚೆನ್ನಾಗಿತ್ತೆಂದು ಮಾವಶಿ ಸೇರಿಸಿದರು. ಹೀಗೆ ಎಷ್ಟೋ ವಾರ ನಡೆಯಿತು. ಹಾಡು ಶುರುವಾದರೆ ಎಮ್ಮೆಯೂ ದನಿಗೂಡಿಸುತ್ತಿತ್ತು. ಅದರದು ಮಾತ್ರ ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಕೊನೆಗೆ ರಾಜಿಯಾಯಿತು. ಅವನು ಎಮ್ಮೆ ಕಟ್ಟಬಾರದು, ಪ್ರತಿಯಾಗಿ ಸಭೆಯವರು ಪ್ರತಿ ಸುಗ್ಗಿಗೆ ಅದಕ್ಕೊಂದು ಹುಲ್ಲಿನ ಪೆಂಡಿ ಕೊಡಬೇಕು. ಕಲ್ಲು ಬಂತು. ಅದೇ ಬೇಸಿಗೆಯಲ್ಲಿ ಒಳಗೆ ತೊಟ್ಟಿಯೂ ಬಂತು.

ಹುಲ್ಲಿನ ಪೆಂಡಿ ಎಂದ ಕೂಡಲೇ ಕಾಕಾ, ಸಿಸ್ಟರಬಾಯಿ ಮುಖ ಮುಖ ನೋಡಿಕೊಂಡರು. ಇವತ್ತಿಗೂ ಸುಗ್ಗಿಯ ಆರಾಧನೆಯ ದಿನ ಭತ್ತ, ತೆಂಗಿನಕಾಯಿ, ಕುಂಬಳಕಾಯಿಗಳ ಜೊತೆ ಒಂದು ಪೆಂಡಿ ಹುಲ್ಲನ್ನು ತಪ್ಪದೆ ಬಾಗಿಲ ಹೊರಗೆ ಇಡುತ್ತಾರೆ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಯೇಸು ಹುಟ್ಟಿದ ಗೋದಲಿಯ ನೆನಪಿಗೆಂದು ಪಾಸ್ಟರ್ ಹಿಂದಿನ ವರ್ಷವಷ್ಟೇ ಅದರ ಮೇಲೆ ಮುಕ್ಕಾಲು ಗಂಟೆ ಪ್ರಸಂಗ ಮಾಡಿದ್ದರು. ಗೋಡೆಯಾಚೆಯಿಂದ ನಾನೂ ಕೇಳಿದ್ದೆ. ಬಹಳ ಚೆನ್ನಾಗಿತ್ತು.

ಎದ್ದು ಬರುವಾಗ ಸಿಸ್ಟರಬಾಯಿ ಬಾಗಿಲಿನಿಂದ ಹಿಂದಿರುಗಿ, ಸ್ವಲ್ಪ ಆತಂಕದಿಂದ ಮಾವಶಿಯ ಕಿವಿಯಲ್ಲಿ ಕೇಳಿದರು. "ಆಮ್ಯಾಲ ನಮ್ಮ ಅಜ್ಜಿಗೆ ಆತೋ ಇಲ್ಲೋ?"

"ಆತು, ಅವತ್ತ ಆತು. ಚಷ್ಮಾ ಹಾಕ್ಕೊಂಡ ಮಾಡಿದ್ರು."

ವಾಪಸಾಗುವಾಗ ರೈಲು ಎಷ್ಟು ಕುಲುಕಿದರೂ ಕಾಕಾ ಹಳಿಯ ಮಾತೆತ್ತಲಿಲ್ಲ. ಒಬ್ಬರ ಅಜ್ಜ ಈಜಿರಲಿಲ್ಲ, ಇನ್ನೊಬ್ಬರ ಅಜ್ಜಿ ಯಾರನ್ನೂ ಎಳೆದು ತೆಗೆದಿರಲಿಲ್ಲ. ಖಾನಾಪುರ ಹತ್ತಿರವಾದಾಗ ಕಾಕಾ, "ಅಜ್ಜಗ ಹೊಸಾ ವಸ್ತು ಕಂಡ್ರ ಭಾಳ ಕುತೂಹಲ ಇತ್ತು," ಎಂದರು. ಸಿಸ್ಟರಬಾಯಿ, "ಇರಬೇಕ್ರಿ," ಎಂದು ಚೀಲದಿಂದ ಬೆಳಗಾವಿ ಕುಂದಾದ ಪೊಟ್ಟಣ ತೆಗೆದು ಅವರ ಮುಂದೆ ಹಿಡಿದರು. ಅವರಿಬ್ಬರೂ ಜಗಳವಿಲ್ಲದೆ ಏನನ್ನಾದರೂ ಹಂಚಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಇತಿಹಾಸ ಬರೆಯುವವರು ಒಬ್ಬರ ಮಾತು ನಂಬಿ ಕೂರಬಾರದು. ಎಮ್ಮೆಯ ಮಾಲೀಕನ ಮನೆತನದವರು ಆಮೇಲೆ ಪಾರಿಶ್ವಾಡಕ್ಕೆ ಹೋಗಿ ನೆಲೆಸಿದರೆಂದು ಮಾವಶಿ ಹೇಳಿದ್ದರು. ಮುಂದಿನ ವಾರ ಮೂವರೂ ಬಸ್ಸು ಹತ್ತಿದೆವು. ಹುಡುಕುವುದು ಕಷ್ಟವಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎಮ್ಮೆಯ ಕತೆ ಅರ್ಧ ಹೇಳುವಷ್ಟರಲ್ಲಿ ಚಹಾದಂಗಡಿಯವರು ಮನೆ ತೋರಿಸಿದರು. ಕಟ್ಟೆಯ ಮೇಲೆ ಮಾಲೀಕನ ಮಗ ಕೂತಿದ್ದರು, ಈಗ ಅವರೇ ಮೊಮ್ಮಕ್ಕಳ ಮುತ್ಯಾ. ಬಂದ ಕಾರಣ ಹೇಳಿದೆವು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಖರೇ ಐತ್ರಿ. ನಮ್ಮಪ್ಪ ಹೇಳತಿದ್ದ. ಆಕಿ ವಂಶದೂವು ಇನ್ನೂ ಅದಾವು, ಬರ್ರಿ ತೋರಸ್ತೀನಿ."

ಹಿತ್ತಲಲ್ಲಿ ಎರಡು ಎಮ್ಮೆಗಳು ಮೆಲುಕು ಹಾಕುತ್ತ ನಿಂತಿದ್ದವು. ಕಾಕಾ ಯಾಕೋ ಟೋಪಿ ತೆಗೆದರು.

"ಇವಕ್ಕ ನಾವು ಪಾದ್ರಿ ಎಮ್ಮಿ ಅಂತೀವ್ರಿ. ಎಲ್ಲಾ ಗುಣಾ ಚಲೋ. ಆಯಿತ್ವಾರ ಅಷ್ಟ ಹಾಲ ಕಡಿಮಿ ಕೊಡ್ತಾವ."

ಭಾನುವಾರದ ಆ ಲೆಕ್ಕವನ್ನೂ ನಾನು ಬರೆದುಕೊಂಡೆ. ಮುತ್ಯಾ ಮಜ್ಜಿಗೆ ಕೊಡಿಸಿ, ಆ ಹುಲ್ಲಿನ ಪೆಂಡಿ ಈಗಲೂ ಇಡುತ್ತೀರಾ ಎಂದು ಕೇಳಿದರು. ಇಡುತ್ತೇವೆ, ಆದರೆ ಯಾರೂ ಒಯ್ಯಲು ಬರುವುದಿಲ್ಲ, ಬೀದಿಯ ದನ ತಿನ್ನುತ್ತವೆ ಎಂದರು ಸಿಸ್ಟರಬಾಯಿ.

"ಇಲ್ಲಿಗೆ ಬಂದ ಮ್ಯಾಲ ಅಷ್ಟ ದೂರ ಯಾರ ಹೋಗ್ತಾರಂತ ನಮ್ಮಪ್ಪ ಬಿಟ್ಟನ್ರಿ."

"ಇನ್ನ ಮ್ಯಾಲ ನಾವ ತಂದ ಕೊಡ್ತೀವಿ," ಎಂದು ಕಾಕಾ, ಸಿಸ್ಟರಬಾಯಿ ಒಟ್ಟಿಗೇ ಅಂದರು. ಒಂದೇ ಮಾತು ಒಂದೇ ಸಲ ಇಬ್ಬರ ಬಾಯಿಂದ ಬಂದದ್ದಕ್ಕೆ ಇಬ್ಬರೂ ಮುಜುಗರಪಟ್ಟು ಮಜ್ಜಿಗೆ ಕುಡಿದರು.

ಈಗ ಉಳಿದದ್ದು ಪಾಸ್ಟರ್. ಬರೆದದ್ದನ್ನೆಲ್ಲ ಅವರಿಗೆ ಓದಿ ಹೇಳಿದೆ. ಮೂರು ಸಲ ಕೆಮ್ಮಿದರು. ಉತ್ಸವಕ್ಕೆ ಬೆಳಗಾವಿಯಿಂದ ಬೇರೆ ಸಭೆಗಳ ಹಿರಿಯರು ಬರುವವರಿದ್ದರು. ಅವರ ಮುಂದೆ ಎಮ್ಮೆಯನ್ನು ಹೇಗೆ ಓದುವುದೆಂಬುದು ಒಂದು ಸಂಕಟ. ಇನ್ನೊಂದು ಸಂಕಟ ಅದಕ್ಕಿಂತ ಆಳದ್ದು.

"ಅಕ್ಕೋರ, ಅದು ದೀಕ್ಷಾಸ್ನಾನ ಆತೋ ಇಲ್ಲೋ ಅಂತ ಯಾರರೆ ಕೇಳಿದ್ರ? ಆಗಿಲ್ಲಂತ ನಾ ಹೇಳತೀನಿ. ನಮ್ಮೊಳಗ ಬಾಯಿಬಿಟ್ಟ ಒಪ್ಪಿಕೋಬೇಕ್ರಿ."

"ಬಾಯಿ ಬಿಟ್ಟಿತ್ತಂತ," ಎಂದರು ಸಿಸ್ಟರಬಾಯಿ. "ಮಾವಶಿ ನ್ವಾಡ್ಯಾರ."

ಈ ಸಭೆಯಲ್ಲಿ ಮೇಲಿನವರ ಅಪ್ಪಣೆ ಎಂಬುದಿಲ್ಲ. ಏನೇ ಇದ್ದರೂ ಸದಸ್ಯರೆಲ್ಲ ಕೂಡಿ ಕೈಯೆತ್ತಿ ತೀರ್ಮಾನಿಸುತ್ತಾರೆ. ಮುಂದಿನ ಭಾನುವಾರ ಆರಾಧನೆಯಾದ ಮೇಲೆ ಎಮ್ಮೆಯನ್ನು ಪುಸ್ತಕದಲ್ಲಿ ಸೇರಿಸಬೇಕೋ ಬೇಡವೋ ಎಂಬ ಠರಾವು ಮಂಡನೆಯಾಯಿತು. ಲೇಖಕಿಯೆಂದು ನನ್ನನ್ನೂ ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಎದ್ದು ನಿಂತು ಮಾತಾಡಿದವರು ಕಾಕಾ. ತಮ್ಮ ಅಜ್ಜ ಚಷ್ಮಾ ಹಾಕಿಕೊಂಡದ್ದು ನಿಜ, ಅದನ್ನು ಒಪ್ಪಿಕೊಳ್ಳುತ್ತೇನೆ, ಇಷ್ಟು ವರ್ಷ ಟೊಪ್ಪಿಗೆಯ ಸುಳ್ಳು ಹೇಳಿದ್ದಕ್ಕೆ ಸಭೆ ಕ್ಷಮಿಸಬೇಕು ಎಂದರು. ನನಗೂ ಆ ಗಳಿಗೆಯಲ್ಲಿ ನಗು ಬರಲಿಲ್ಲ. ಮನುಷ್ಯ ತನ್ನ ಅಜ್ಜನನ್ನು ಹೀಗೆ ನಾಲ್ಕು ಜನರೆದುರು ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಕೈಗಳು ಎದ್ದವು. ಹತ್ತು ಮನೆಯವರು ಪರವಾಗಿದ್ದರು. ವಿರೋಧಿಸಿದ ಒಂದು ಮನೆಯವರ ತಕರಾರು ಎಮ್ಮೆಯ ಬಗ್ಗೆ ಅಲ್ಲ. ತಮ್ಮ ಮುತ್ತಜ್ಜನ ಹೆಸರು ಎಮ್ಮೆಗಿಂತ ಒಂದು ಪುಟ ಮೊದಲು ಬರಬೇಕೆಂಬುದಷ್ಟೇ ಅವರ ಬೇಡಿಕೆ. ಬರೆಯುತ್ತೇನೆಂದೆ.

ಪುಸ್ತಕವನ್ನು ಬೆಳಗಾವಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದೆವು. ಅವರು ಹೆಚ್ಚಾಗಿ ಮದುವೆ ಪತ್ರಿಕೆ ಮಾಡುವವರು. ಕಟ್ಟು ಬಿಚ್ಚಿ ನೋಡಿದರೆ ಪ್ರತಿ ಪುಸ್ತಕದ ಮೊದಲ ಪುಟದ ನೆತ್ತಿಯಲ್ಲಿ 'ಶ್ರೀ ಗಣೇಶ ಪ್ರಸನ್ನ' ಎಂದು ಕೂತಿತ್ತು. ಕೈ ರೂಢಿ, ತಾನೇ ಬಿತ್ತೆಂದರು ಪ್ರೆಸ್ಸಿನವರು. ಒಂದು ಶನಿವಾರ ಮಧ್ಯಾಹ್ನ ಇಡೀ ಸಭೆ ಬೆಂಚುಗಳ ಮೇಲೆ ಕೂತು ಅಂಟು ಹಚ್ಚಿ ಆ ಸಾಲಿನ ಮೇಲೆ ಶಿಲುಬೆಯ ಚೀಟಿ ಅಂಟಿಸಿತು. ನಾನೂ ಅಂಟಿಸಿದೆ. ಅಂಟು ತೆಳ್ಳಗಾಗಿದ್ದ ಕೆಲವು ಪ್ರತಿಗಳಲ್ಲಿ ಚೀಟಿ ಅರ್ಧ ಎದ್ದು, ಈಗ ಎರಡೂ ಕಾಣುತ್ತವೆ.

ಇಸವಿ ಕೊನೆಗೂ ಸಿಗಲಿಲ್ಲ. ಹೀಗಾಗಿ ಬ್ಯಾನರಿನಲ್ಲಿ ಎಷ್ಟನೆಯ ಉತ್ಸವ ಎಂದು ಹಾಕಬೇಕೆಂಬ ಚರ್ಚೆ ನಾಲ್ಕು ದಿನ ನಡೆದು, 'ಬಹಳ ವರ್ಷಗಳ ಮಹೋತ್ಸವ' ಎಂದು ಬರೆಸಿದರು. ಆ ದಿನ ಪಾಸ್ಟರ್ ಎಮ್ಮೆಯ ಕತೆಯಿದ್ದ ಎರಡನೆಯ ಅಧ್ಯಾಯವನ್ನು ಒಮ್ಮೆಯೂ ಕೆಮ್ಮದೆ ಓದಿದರು. ಬೆಳಗಾವಿಯ ಹಿರಿಯರು ಮೊದಲು ಗಂಭೀರವಾಗಿ ಕೂತಿದ್ದರು. ಚಷ್ಮಾದ ಸಾಲಿಗೆ ಬಂದಾಗ ಅವರಲ್ಲೊಬ್ಬರು ಕರವಸ್ತ್ರ ಬಾಯಿಗೊತ್ತಿಕೊಂಡರು. ಆಮೇಲೆ ಯಾರೂ ತಡೆದುಕೊಳ್ಳಲಿಲ್ಲ. ಪಾರಿಶ್ವಾಡದ ಮುತ್ಯಾ ಮುಂದಿನ ಸಾಲಿನಲ್ಲಿ ತಲೆಗೆ ಹೊಸ ಪಟಗ ಸುತ್ತಿಕೊಂಡು ಕೂತು, ತಮ್ಮ ತಂದೆಯ ಮಾತು ಬಂದಲ್ಲೆಲ್ಲ ತಲೆದೂಗಿದರು.

ನನ್ನ ಯಜಮಾನರನ್ನು ಊಟಕ್ಕೆಂದು ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಇಷ್ಟು ವರ್ಷ ಗೋಡೆಯ ಈಚೆ ಇದ್ದರೂ ಅವರು ಒಮ್ಮೆಯೂ ಆಚೆ ಕಾಲಿಟ್ಟಿರಲಿಲ್ಲ. ನಮಗೆಂದೇ ಬೇರೆ ಒಲೆಯಲ್ಲಿ ಪಲ್ಯ, ಹೋಳಿಗೆ ಮಾಡಿಸಿದ್ದರು. ಇವರು ಮೂರು ಸಲ ಹೋಳಿಗೆ ಹಾಕಿಸಿಕೊಂಡರು. ಕೈ ತೊಳೆದು ಬಂದು, ಎರಡೇ ನಿಮಿಷ ಎಂದು ಫ್ಯಾನಿನ ಕೆಳಗಿನ ಹಿಂದಿನ ಬೆಂಚಿನ ಮೇಲೆ ಕಾಲು ಚಾಚಿದವರು ನಿದ್ದೆ ಹೋದರು. ಸಂಜೆಯ ಪ್ರಾರ್ಥನೆಗೆ ಜನ ಸೇರಿದರೂ ಏಳಲಿಲ್ಲ. ನಾನು ಎಬ್ಬಿಸಲು ಹೋದೆ. ಸಿಸ್ಟರಬಾಯಿ ಬೇಡವೆಂದು ಸನ್ನೆ ಮಾಡಿ, ಹಾರ್ಮೋನಿಯಮ್ಮಿನ ಗಾಳಿ ಕಡಿಮೆ ಮಾಡಿ, ಎಲ್ಲರೂ ಮೆಲ್ಲಗೆ ಹಾಡುವಂತೆ ಹೇಳಿದರು. ಸುತ್ತ ಹನ್ನೊಂದು ಮನೆಯವರು ಎರಡು ಭಾಷೆಯಲ್ಲಿ ಪಿಸುದನಿಯಲ್ಲಿ ಹಾಡಿದರು. ನಾನು ಶಬ್ದ ಗೊತ್ತಿಲ್ಲದೆ ರಾಗವಷ್ಟನ್ನೇ ಗುನುಗಿದೆ.

ಹಾಡು ಮುಗಿದಾಗ ಇವರು ಕಣ್ಣು ಬಿಟ್ಟು ಕೂತರು. ಎದುರಿಗೆ ಪಾಸ್ಟರ್ ನಿಂತಿದ್ದರು.

"ಎಲ್ಲಾ ಮುಗೀತೇನ್ರಿ?" ಎಂದು ಕೇಳಿದರು ಇವರು.

"ಇಲ್ರಿ ಸರ," ಎಂದರು ಪಾಸ್ಟರ್. "ಚಹಾ ಇನ್ನೂ ಬರೂದೈತಿ."

ಇವರು ಬೆಂಚಿನ ಮೇಲೆ ಸರಿದು ಕೂತು, ಪಕ್ಕದಲ್ಲಿ ನನಗೂ ಜಾಗ ಮಾಡಿಕೊಟ್ಟರು.